ಸತ್ತದ್ದಲ್ಲ, ಮನಿಕಂಡಿತ್

ತೆಕ್ಕಟ್ಟೆಯ ಹೆದ್ದಾರಿ ಪಕ್ಕದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವರೊಬ್ಬರಿದ್ದರು. ಯಾರು ಏನೇ ತಂದರೂ, ಮಗುವನ್ನು ಮಲಗಿಸುವ ಹಾಗೆ ಅದರ ಬೆನ್ನು ತಟ್ಟಿ, "ಸತ್ತದ್ದಲ್ಲ ಮಾರಾಯ್ರೆ, ಮನಿಕಂಡಿತ್ ಅಷ್ಟೇ" ಎನ್ನುತ್ತಿದ್ದರು. ತಂದವರಿಗೆ ಅರ್ಧ ಜೀವ ಬರುತ್ತಿತ್ತು.

ನಮ್ಮ ಹಳೆಯ ಲ್ಯಾಪ್‌ಟಾಪ್ ಚಾರ್ಜ್ ಆಗದೆ ಕೂತಾಗ ನನಗೆ ಆ ಮಾತೂ ಸಾಲಲಿಲ್ಲ. ಅಕ್ಕನ ಮದುವೆಯ ಫೋಟೊಗಳು ಅದರಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಮನೆಯ ಎಲ್ಲ ಪ್ಲಗ್ಗಿಗೂ ಹಾಕಿ ನೋಡಿ ಸೋತು, ಬಸ್ರೂರಿನಿಂದ ಬಸ್ಸು ಹತ್ತಿದ್ದೆ.

ಅವರು ಬೆನ್ನು ತಟ್ಟಿದರು. ಬ್ಯಾಟರಿ ತೆಗೆದು, ಒರೆಸಿ ಹಾಕಿ, ನನ್ನದೇ ಚಾರ್ಜರ್ ಚುಚ್ಚಿದರು. ಚಾರ್ಜಿನ ದೀಪ ಹತ್ತಿಯೇ ಬಿಟ್ಟಿತು! ಅವರಿಗೆ ಮಾತ್ರ ಸಮಾಧಾನವಿಲ್ಲ.

"ನಿಮ್ಮನಿಯಗೆ ಗುಡುಗಿಗೆ ಹೆದ್ರುವರ್ ಯಾರಾರೂ ಇದ್ರಾ?"

"ನಮ್ಮಮ್ಮ," ಎಂದೆ.

"ಹಂಗಾರೆ ಅವ್ರನ್ನೇ ಕೇಣಿ."

ಮನೆಗೆ ಹೋಗಿ ಕೇಳಿದೆ. ಅಮ್ಮ ದೇವರ ಗೂಡಿನಿಂದ ಒಂದು ಫ್ಯೂಸ್ ತೆಗೆದು ನನ್ನ ಕೈಗಿಟ್ಟಳು. "ನಿನ್ನೆ ರಾತ್ರಿ ಗುಡುಗಿತಲ್ದಾ, ಪ್ಲಗ್ಗಿನ ಫ್ಯೂಸ್ ತೆಗ್ದಿಟ್ಟಿದೆ. ಹಾಕೂಕೆ ಮರ್ತೇ ಹೋಯ್ತ್." ಲೈಟು, ಫ್ಯಾನಿಗೆ ಬೇರೆ ಫ್ಯೂಸ್ ಇದ್ದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಸಿಟ್ಟು ಬರಬೇಕಿತ್ತು, ನಗು ಬಂತು. ಆ ರಾತ್ರಿ ಮನೆಯವರೆಲ್ಲ ಕೂತು ಮದುವೆಯ ಫೋಟೊಗಳನ್ನು ಮೊದಲಿನಿಂದ ನೋಡಿದೆವು.

ಆ ಪ್ರಶ್ನೆ ಅವರಿಗೆ ಹೇಗೆ ಹೊಳೆಯಿತೋ! ಮುಂದಿನ ವಾರ ಅವರಿಗೆ ವಿಷಯ ಹೇಳಿ ಬರೋಣವೆಂದು ಹೋದಾಗ ದೂರದಲ್ಲಿ ಗುಡುಗುತ್ತಿತ್ತು. ಸುತ್ತಲಿನ ಅಂಗಡಿಗಳಲ್ಲೆಲ್ಲ ಲೈಟಿತ್ತು, ಅವರದು ಮಾತ್ರ ಕತ್ತಲೆ. ಒಳಗೆ ಅವರು ಸ್ಟೂಲಿನ ಮೇಲೆ ಕಾಲು ಮಡಚಿ ಕೂತಿದ್ದರು.

"ಹ್ವಾಯ್, ಎಂತ, ಕರೆಂಟ್ ಇಲ್ಯಾ?" ಎಂದೆ.

ಅವರು ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡರು. ಬೆರಳ ಸಂದಿಯಲ್ಲಿ ಬಿಳಿಯ ಫ್ಯೂಸ್ ಇಣುಕುತ್ತಿತ್ತು.