ಮುಕಾದಮನ ದನಿ

ಅಂಗಡಿಯ ಹಳೆಯ ಮೇಜನ್ನು ಗುಜರಿಗೆ ಕೊಡುವ ಮೊದಲು ಖಾನೆಗಳನ್ನು ಖಾಲಿ ಮಾಡುತ್ತಿದ್ದೆ. ಕೆಳಗಿನ ಖಾನೆಯಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಸುತ್ತಿದ್ದ ರಬ್ಬರ್ ಬ್ಯಾಂಡ್ ಕರಗಿ ಅದಕ್ಕೇ ಅಂಟಿಕೊಂಡಿತ್ತು. ಮೇಲೆ ನನ್ನದೇ ಅಕ್ಷರದಲ್ಲಿ ‘ಅವ್ವ’ ಎಂದಿತ್ತು. ಅವಳು ನನ್ನ ಅವ್ವ ಅಲ್ಲ...

ಎರಡು ಸಾವಿರದ ಮೂರು-ನಾಲ್ಕರ ಹೊತ್ತಿನ ಮಾತು. ಧಾರವಾಡದಿಂದ ಬಂದ ನಮ್ಮ ತಂದೆ ಗೋವಾದ ಮಡಗಾಂವ್ ಮಾರುಕಟ್ಟೆಯಲ್ಲಿ ಹಾಕಿದ ಕಿರಾಣಿ ಅಂಗಡಿ ಆಗ ನನ್ನ ಕೈಗೆ ಬಂದಿತ್ತು. ಒಂದು ಮೂಲೆಯಲ್ಲಿ ಗಾಜಿನ ಬಾಗಿಲಿನ ಎಸ್‌ಟಿಡಿ ಬೂತ್. ನಮ್ಮ ಅಂಗಡಿ ಸಾಲಿಗೆ ಬರುವ ಲಾರಿಗಳನ್ನು ಇಳಿಸುತ್ತಿದ್ದ ಹಮಾಲರೆಲ್ಲ ಮೋತಿ ಡೊಂಗರ್ ಗುಡ್ಡದಲ್ಲಿ ಬಿಡಾರ ಹೂಡಿದ್ದ ವಿಜಯಪುರದ ಕಡೆಯವರು. ಅವರ ಗುಂಪಿನ ಮುಂದಾಳು ಮುಕಾದಮನನ್ನು ನಾನು ಮೊದಲು ಗುರುತಿಸಿದ್ದು ಮುಖದಿಂದಲ್ಲ, ದನಿಯಿಂದ. ಆತ ‘ಹಾಂ, ಎತ್ರಪಾ!’ ಅಂದರೆ ಮೀನು ಮಾರುವ ಕಟ್ಟೆಯವರೆಗೂ ಕೇಳಿಸುತ್ತಿತ್ತು.

ಒಂದು ಚಳಿಗಾಲ ಆ ದನಿ ಒಡೆಯಿತು. ‘ಏನ್ ಮುಕಾದಮ್ರ, ಕಪ್ಪಿ ನುಂಗೀರೇನು?’ ಎಂದು ಹಮಾಲರು ಕಾಡುತ್ತಿದ್ದರು. ಆತನೂ ನಗುತ್ತಿದ್ದ. ಮೂರು ತಿಂಗಳಾದರೂ ಗಂಟಲು ಸರಿಹೋಗಲಿಲ್ಲ. ಆಸ್ಪತ್ರೆಗೆ ನಾನೇ ಜೊತೆ ಹೋದೆ, ಡಾಕ್ಟರರ ಕೊಂಕಣಿ ಆತನಿಗೆ ಪೂರ್ತಿ ತಿಳಿಯುತ್ತಿರಲಿಲ್ಲ.

ಡಾಕ್ಟರರು ಕಾಗದದ ಮೇಲೆ ಎರಡು ಕೊಳವೆ ಬರೆದರು. ಹಿಂದಿನದು ಅನ್ನದ್ದು, ಮುಂದಿನದು ಗಾಳಿಯದು. ಗಾಳಿಯ ಕೊಳವೆಯ ತಲೆಯ ಮೇಲೆ ಮೆದು ಎಲುಬಿನ ಪುಟ್ಟ ಪೆಟ್ಟಿಗೆ. ಗಂಡಸರ ಕೊರಳಲ್ಲಿ ಉಬ್ಬಿ ಕಾಣುವುದು ಅದರ ಮುಂಬದಿ. ಒಳಗೆ ಎರಡು ಪದರಗಳು. ಉಸಿರಾಡುವಾಗ ತೆರೆದಿರುತ್ತವೆ, ಮಾತಾಡುವಾಗ ಹತ್ತಿರ ಬಂದು ನಡುಗುತ್ತವೆ. ನುಂಗುವಾಗ ಬಿಗಿಯಾಗಿ ಕೂಡಿಕೊಳ್ಳುತ್ತವೆ, ಮೇಲಿನ ಎಲೆಯಂಥ ಮುಚ್ಚಳವೂ ಬಾಗುತ್ತದೆ, ಅನ್ನ ಗಾಳಿಯ ದಾರಿಗೆ ಬೀಳದಂತೆ. ಭಾರ ಎತ್ತುವಾಗ ಎದೆಯೊಳಗೆ ಗಾಳಿಯನ್ನು ಕಟ್ಟಿ ಹಿಡಿಯುವುದೂ ಆ ಪದರಗಳೇ ಎಂದರು. ಅಲ್ಲಿ ಗಡ್ಡೆ ಬೆಳೆದಿತ್ತು. ಪೆಟ್ಟಿಗೆಯನ್ನೇ ತೆಗೆದು, ಕೊರಳ ಬುಡದಲ್ಲಿ ತೂತು ಮಾಡಿ, ಗಾಳಿಯ ಕೊಳವೆಯ ಬಾಯನ್ನು ಅಲ್ಲಿಗೆ ಹೊಲಿಯುತ್ತಾರೆ. ಆಮೇಲೆ ಉಸಿರು ಮೂಗಿನಿಂದಲ್ಲ, ಅಲ್ಲಿಂದ.

ಇದಿಷ್ಟನ್ನೂ ನಾನು ಕನ್ನಡದಲ್ಲಿ ಹೇಳಿದೆ, ಒಂದೊಂದೇ ಮಾತು, ತಪ್ಪದಂತೆ. ಮುಕಾದಮ ಕೇಳಿದ್ದು ಒಂದನ್ನೇ.

‘ಅವ್ವಗ ಏನ್ ಹೇಳ್ಲಿರಿ, ಸಾವ್ಕಾರ್ರ? ಕಣ್ಣ ಇಲ್ಲದಾಕಿ. ಆಕಿಗೆ ನಾ ಅಂದ್ರ ಈ ದನಿ ಒಂದ.’

ಅಮಾವಾಸ್ಯೆಗೆ ಹಮಾಲರಿಗೆ ಸೂಟಿ. ಅವತ್ತು ನಮ್ಮ ಬೂತಿನಿಂದ ಊರಿನಲ್ಲಿ ಅವ್ವನ ಪಕ್ಕದ ಮನೆಗೆ ಫೋನ್ ಮಾಡಿ ಅವಳನ್ನು ಕರೆಸಿ ಮಾತಾಡುವುದು ಆತನ ರೂಢಿ. ಅದು ತಪ್ಪಬಾರದು ಎಂದು ಆತನೇ ಉಪಾಯ ಹೂಡಿದ. ಆಪರೇಷನ್ನಿಗೆ ಎರಡು ದಿನ ಮೊದಲು, ಬೆಳಿಗ್ಗೆ, ಬೂತಿನೊಳಗೆ ನನ್ನ ಟೇಪ್ ರೆಕಾರ್ಡರ್ ಎದುರು ಕೂತ. ಸೆಕೆಗೆ ಬೂತಿನ ಬಾಗಿಲು ತೆರೆದಿಟ್ಟಿದ್ದೆವು. ‘ಅವ್ವಾ, ನಾನು. ಆರಾಮ ಅದೀನಿ.’ ಸ್ವಲ್ಪ ಬಿಡುವು. ‘ಉಂಡಿ ಏನವಾ?’ ಬಿಡುವು. ‘ಮೊಣಕಾಲ ಹೆಂಗೈತಿ?’ ಅವಳು ಬೇರೇನಾದರೂ ಕೇಳಿದರೆ ಇರಲಿ ಎಂದು ‘ಲೈನ್ ಸರಿ ಇಲ್ಲವಾ, ಕೇಳ್ಸವಲ್ದು’ ಎಂದೂ ಸೇರಿಸಿದ. ಕೊನೆಗೆ, ‘ಹಬ್ಬಕ್ಕ ಬರ್ತೀನಿ.’

ಆಪರೇಷನ್ ಆದ ಮೇಲೆ ಬಂದ ಮುಕಾದಮನನ್ನು ನೋಡಲು ನನಗೆ ಧೈರ್ಯ ಬೇಕಾಯಿತು. ಕೊರಳಿಗೆ ತೆಳು ಬಿಳಿ ಬಟ್ಟೆ. ಅದು ತಾನೇ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ತುಟಿ ಆಡುತ್ತಿತ್ತು, ಮಾತಿಲ್ಲ. ನಕ್ಕರೆ ಮುಖ ಒಂದು ಕಡೆ ನಗುತ್ತಿತ್ತು, ಗಾಳಿ ಇನ್ನೊಂದು ಕಡೆಯಿಂದ ಬರುತ್ತಿತ್ತು. ಕೊಳೆತ ಉಳ್ಳಾಗಡ್ಡಿ ಚೀಲದ ಮೇಲೆಯೇ ಕೂತಿರುತ್ತಿದ್ದ, ವಾಸನೆ ಹತ್ತುತ್ತಿರಲಿಲ್ಲ. ಒಂದು ದಿನ ಹಠ ಮಾಡಿ ಅಕ್ಕಿ ಚೀಲಕ್ಕೆ ಕೈ ಹಾಕಿದ. ಗಾಳಿಯೆಲ್ಲ ಬಟ್ಟೆಯಿಂದ ಸೀಟಿ ಹೊಡೆದಂತೆ ಹೊರಟುಹೋಯಿತು, ಚೀಲ ಮೇಲೇಳಲಿಲ್ಲ. ಅವತ್ತು ಯಾವ ಹಮಾಲನೂ ಚೇಷ್ಟೆ ಮಾಡಲಿಲ್ಲ.

ಅಮಾವಾಸ್ಯೆಗೆ ಬೂತಿನಲ್ಲಿ ಇಬ್ಬರೂ ನಿಲ್ಲುತ್ತಿದ್ದೆವು. ಆತ ಫೋನನ್ನು ಕಿವಿಗೆ ಹಿಡಿಯುತ್ತಿದ್ದ, ನಾನು ಟೇಪನ್ನು ಅದರ ಬಾಯಿಗೆ ತಂದು ಗುಂಡಿ ಒತ್ತುತ್ತಿದ್ದೆ. ಮುದುಕಿಯ ಮಾತು ಜೋರು, ನನಗೂ ಕೇಳಿಸುತ್ತಿತ್ತು. ‘ಇನ್ನೂ ಗಂಟಲ ಕಟ್ಟೇತೇನೋ? ಬಿಸಿನೀರ ಕುಡಿ.’ ಆತ ಬಾಯಿ ಮುಚ್ಚಿ ನಿಂತಿರುವಾಗ, ಒಂದು ಗೇಣು ದೂರದಲ್ಲಿ ಆತನದೇ ದನಿ ‘ಆರಾಮ ಅದೀನಿ’ ಎನ್ನುತ್ತಿತ್ತು. ನಾನು ಆತನ ಮುಖ ನೋಡುತ್ತಿರಲಿಲ್ಲ.

ನಾಲ್ಕನೆಯ ಅಮಾವಾಸ್ಯೆ. ‘ಹಬ್ಬಕ್ಕ ಬರ್ತೀನಿ’ ಎಂದಿತು ಟೇಪು. ಆ ಕಡೆಯಿಂದ ಮುದುಕಿಯ ಮಾತು ಬಂತು.

‘ಯಪ್ಪಾ, ನೀ ಹಬ್ಬಕ್ಕ ಬರ್ತೀನಿ ಅಂದ ಕೂಡ್ಲೇ ಅದೇನೋ ಪೊಂ ಪೊಂ ಅಂತೈತಿ. ನಾಕ ಅಮಾಸಿ ಆತು. ಅದ ಮಾತಿನ ಬೆನ್ನಿಗೆ, ಎರಡ ಸಲ.’

ಸೈಕಲ್ ಮೇಲೆ ಪಾವ್ ಮಾರಲು ಬರುವ ಪೊದೇರನ ಹಾರ್ನ್. ರೆಕಾರ್ಡ್ ಮಾಡಿದ ಬೆಳಿಗ್ಗೆ ತೆರೆದ ಬಾಗಿಲಿನಿಂದ ಟೇಪಿನೊಳಗೆ ಸೇರಿತ್ತು. ಮಡಗಾಂವಿನಲ್ಲಿ ದಿನವೂ ಕೇಳಿ ಕೇಳಿ ನಮ್ಮಿಬ್ಬರ ಕಿವಿಗೂ ಅದು ಬಿದ್ದೇ ಇರಲಿಲ್ಲ.

‘ಸಾವ್ಕಾರ, ನೀ ಅಲ್ಲೇ ಅದಿಯಲ್ಲ? ಅದನ್ನ ಬಂದ್ ಮಾಡು. ನನ್ನ ಮಗಾ ಅದಾನೋ ಇಲ್ಲೋ, ಅಷ್ಟ ಹೇಳು.’

‘ಅದಾನವಾ. ನನ್ನ ಬಾಜೂಕ ಅದಾನ. ದನಿ ಹೋಗೇತಿ’ ಎಂದೆ, ಫೋನಿಗೆ ಬಾಗಿ.

‘ಉಸರ ಐತಿಲ್ಲೋ? ಅದನ್ನ ಕೇಳ್ಸು.’

ಮುಕಾದಮ ರೂಢಿಯಂತೆ ಫೋನನ್ನು ಬಾಯಿಯ ಹತ್ತಿರ ತಂದ. ಅಲ್ಲಿಂದ ಏನೂ ಬರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ಬಟ್ಟೆ ಸರಿಸಿ, ಫೋನಿನ ಬಾಯನ್ನು ಕೊರಳ ತೂತಿನ ಎದುರು ಹಿಡಿದ. ಒಳಗೆ... ಹೊರಗೆ... ಒಳಗೆ... ಹೊರಗೆ... ಎಷ್ಟು ಹೊತ್ತೋ ಗೊತ್ತಿಲ್ಲ.

‘ಹೂಂ’ ಎಂದಳು ಮುದುಕಿ. ‘ಸಣ್ಣಾಂವಿದ್ದಾಗ ಹಿಂಗ ಮಲಗ್ತಿದ್ದಿ.’

ಆ ಸಲದ ಹಬ್ಬಕ್ಕೆ ಮುಕಾದಮ ಊರಿಗೆ ಹೋಗಿಬಂದ. ಆಮೇಲೆ ಪ್ರತಿ ಅಮಾವಾಸ್ಯೆಯೂ ಫೋನನ್ನು ಕೊರಳಿಗೆ ಹಿಡಿದು ನಿಲ್ಲುತ್ತಿದ್ದ, ಟೇಪು ಖಾನೆಯೊಳಗೇ ಉಳಿಯಿತು. ವರ್ಷ ತುಂಬುವುದರೊಳಗೆ ಗಡ್ಡೆ ಮತ್ತೆ ಬಂತು. ಬಿಡಾರದಲ್ಲಿ ಜೊತೆಗಿದ್ದ ಹೆಂಡತಿ ಆತನನ್ನು ಊರಿಗೆ ಕರೆದುಕೊಂಡು ಹೋದಳು. ಅಲ್ಲೇ, ಅವ್ವನ ಮನೆಯಲ್ಲೇ ತೀರಿಕೊಂಡ.

ಮುಂದಿನ ಅಮಾವಾಸ್ಯೆಯ ದಿನ ಅಂಗಡಿಯ ಫೋನ್ ತಾನಾಗಿ ಹೊಡೆದುಕೊಂಡಿತು. ಮುದುಕಿ.

‘ಸಾವ್ಕಾರ, ಅದು ಐತೇನು? ಹಚ್ಚು.’

ಹಚ್ಚಿದೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಉಂಡೆ ಎಂದಳು. ಮೊಣಕಾಲು ಹಾಗೇ ಇದೆ ಎಂದಳು. ‘ಲೈನ್ ಸರಿ ಇಲ್ಲವಾ, ಕೇಳ್ಸವಲ್ದು’ ಎಂದು ಮಗ ಹೇಳಿದಾಗ ದನಿ ಏರಿಸಿ, ‘ಈಗ ಕೇಳ್ಸತೈತೇನು?’ ಎಂದು ಕೂಗಿದಳು. ಉತ್ತರಕ್ಕೆ ಕಾದಳು... ‘ಹಬ್ಬಕ್ಕ ಬರ್ತೀನಿ.’ ಹಾರ್ನ್ ಎರಡು ಸಲ ಕೇಳಿಸಿತು. ‘ಬಾ’ ಎಂದು ಫೋನ್ ಇಟ್ಟಳು.

ಇನ್ನೂ ಮೂರು ಅಮಾವಾಸ್ಯೆ ಅವಳ ಫೋನ್ ಬಂತು. ನಾಲ್ಕನೆಯದಕ್ಕೆ ಬರಲಿಲ್ಲ. ನಾನಾಗಿ ಮಾಡಿ ಕೇಳಲಿಲ್ಲ.

ಈಗ ಬೂತ್ ಇಲ್ಲ, ಟೇಪ್ ರೆಕಾರ್ಡರೂ ಇಲ್ಲ. ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿದಿದೆ. ಅದನ್ನು ಗುಜರಿಗೆ ಹಾಕಲು ಮನಸ್ಸಾಗದೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಪೊದೇರ ಸೈಕಲ್ ಮೇಲೆ ಹಾದುಹೋದ. ಹಾರ್ನ್ ಎರಡು ಸಲ ಕೇಳಿಸಿತು. ಅದಕ್ಕೆ ಮೊದಲು ಬರಬೇಕಾದ ಮಾತು ಮಾತ್ರ ಬಂದಿರಲಿಲ್ಲ.