ಎಡಗಾಲಿನ ಬೂಟು

ನನ್ನ ಅಣ್ಣನ ಮಗಳನ್ನು ಮನೆಯಲ್ಲಿ ಎಲ್ಲರೂ ಕಡ್ಡಿ ಎಂದೇ ಕರೆಯುತ್ತೇವೆ. ಮೈಯೂ ಹಾಗೇ, ಮಾತೂ ಹಾಗೇ; ಏನಿದ್ದರೂ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಡುವವಳು. ಅಂಥವಳು ಒಂದೇ ಒಂದು ಸಲ ಹೇಳಬೇಕಾದ್ದನ್ನು ಹೇಳದೆ ನುಂಗಿಕೊಂಡಳು. ಅದರಿಂದ ಏನಾಯಿತು ಎಂಬುದನ್ನು ನಾನೇ ಹೇಳಬೇಕು, ಅದರಲ್ಲಿ ನನ್ನದೂ ಪಾಲಿದೆ.

ಅಣ್ಣನದು ಬೂಟಿನ ಅಂಗಡಿ. ಅವನು ಚರ್ಮ ಕತ್ತರಿಸುತ್ತಾನೆ, ನಾನು ಯಂತ್ರದ ಮುಂದೆ ಕೂತು ಹೊಲಿಯುತ್ತೇನೆ, ಮೂವತ್ತು ವರ್ಷವಾಯಿತು. ಬಾಗಿಲ ಮೇಲೆ ಒಂದು ಹಲಗೆ ಇತ್ತು: ‘ಒಂದೇ ಕಾಲಿನದೂ ಸಿಗುತ್ತದೆ.’ ಕಾಲು ಕಳೆದುಕೊಂಡವರು ಬಂದರೆ ಅಣ್ಣ ಬೇಕಾದ ಒಂದನ್ನೇ ಅರ್ಧ ಬೆಲೆಗೆ ಕೊಟ್ಟು, ಉಳಿದದ್ದಕ್ಕೆ ಚೀಟಿ ಅಂಟಿಸಿ ಹಿಂದಿನ ಕಪಾಟಿನಲ್ಲಿ ಇಡುತ್ತಿದ್ದ. ಆ ಕಾಲಿನದು ಬೇಕಾದವರು ಬರುವವರೆಗೆ ಅದು ಅಲ್ಲೇ. ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಕೂಗುವಾತನಿಗೆ ಬಲಗಾಲು ಮಾತ್ರ. ಹಿಂದಿನ ಬೀದಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ರಟ್ಟಿನ ಅಮ್ಮನಿಗೆ ಎಡಗಾಲು ಮಾತ್ರ. ಅವಳ ಪಾದ ಗಂಡಸರ ಪಾದದ ಹಾಗೆ ಅಗಲ, ಅವನದು ಹೆಂಗಸರ ಪಾದದ ಹಾಗೆ ಪುಟ್ಟದು, ಅಂತೂ ಅಳತೆ ಒಂದೇ. ಹನ್ನೊಂದು ವರ್ಷ ಇಬ್ಬರೂ ವರ್ಷಕ್ಕೊಂದು ಜೊತೆಯನ್ನು ಹಂಚಿಕೊಂಡು ತೊಟ್ಟರು. ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ.

ಕಡ್ಡಿಗೆ ಬಿಸಿನೆಸ್ ಓದಲು ಎರಡು ಕಡೆ ಸೀಟು ಸಿಕ್ಕಿತು: ನಮ್ಮೂರಿನ ಕಾಲೇಜಿನಲ್ಲಿ, ಮಹಾನಗರದ ದೊಡ್ಡ ಕಾಲೇಜಿನಲ್ಲಿ. ನಮ್ಮೂರಿನದ್ದೋ, ಕೆಳಗೆ ಸೈಕಲ್ ರಿಪೇರಿ, ಮೇಲೆ ಎರಡು ಕೋಣೆ.

“ಟೈರಿಗೆ ಗಾಳಿ ತುಂಬೋ ಸದ್ದಲ್ಲಿ ಏನೇ ಓದ್ತೀಯ? ಸುಮ್ನೆ ಅಲ್ಲಿಗೆ ಹೋಗು,” ಎಂದು ಅಟ್ಟಿದವಳೇ ನಾನು.

ಅಲ್ಲಿ ಗಾಜಿನ ಸಭಾಂಗಣ, ತರಗತಿಗೆ ಅರವತ್ತು ಜನ. ಪ್ರತಿಯೊಬ್ಬರೂ ಒಂದು ವ್ಯಾಪಾರವನ್ನು ತರಗತಿಯ ಮುಂದಿಡಬೇಕು, ಉಳಿದವರು ಅದನ್ನು ಬಗೆದು ಸಲಹೆ ಕೊಡಬೇಕು. ಕಡ್ಡಿ ನಮ್ಮ ಅಂಗಡಿಯನ್ನೇ ಇಟ್ಟಳು. ಆದರೆ ಒಂಟಿ ಬೂಟು ಕೊಳ್ಳುವವರು ಯಾರು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಎದುರಿಗೆ ಕೂತವರೆಲ್ಲ ದೊಡ್ಡ ಮನೆಯ ಮಕ್ಕಳು. ಕುಂಟರ ಅಂಗಡಿ ಎಂದು ನಕ್ಕುಬಿಟ್ಟರೆ? ‘ಜೊತೆ ತಪ್ಪಿದ ಸರಕು’ ಎಂದಷ್ಟೇ ಬರೆದಳು. ಮುಕ್ಕಾಲು ಗಂಟೆಯಲ್ಲಿ ತೀರ್ಮಾನವಾಯಿತು: ಇನ್ನು ಜೊತೆಯಾಗಿ ಮಾತ್ರ ಮಾರಬೇಕು. ಆ ಕಾಲೇಜನ್ನು ಬೈದು ಏನು ಪ್ರಯೋಜನ? ಅವರು ಕೇಳಿಸಿಕೊಂಡದ್ದಕ್ಕೆ ಸರಿಯಾಗಿಯೇ ಹೇಳಿದರು.

ಕಡ್ಡಿ ಫೋನು ಮಾಡಿ ಅದನ್ನೇ ಅಪ್ಪನಿಗೆ ಒಪ್ಪಿಸಿದಳು. ಅಣ್ಣ ಸ್ಟೂಲು ಹತ್ತಿ ಹಲಗೆ ಇಳಿಸಿದ.

“ಅಣ್ಣಾ, ಕಪಾಟಿನಲ್ಲಿರೋದು?” ಎಂದೆ.

“ಓದಿದೋಳು ಹೇಳಿದ್ದಾಳೆ. ನಮಗಿಂತ ಅವಳಿಗೆ ಗೊತ್ತು.”

ಎರಡು ತಿಂಗಳಿಗೆ ರಟ್ಟಿನ ಅಮ್ಮ ಊರುಗೋಲು ಊರಿಕೊಂಡು ಬಂದಳು. ಅಣ್ಣ ತಲೆ ತಗ್ಗಿಸಿ, ಈಗ ಜೊತೆ ಮಾತ್ರ ಎಂದ.

“ಇನ್ನೊಂದನ್ನ ನಾನೇನು ಮಾಡ್ಲಪ್ಪ?” ಎಂದಳು. “ಹೋಗ್ಲಿ ಬಿಡು, ಇದೇ ಇನ್ನೊಂದು ವರ್ಷ ಬರುತ್ತೆ,” ಎಂದು ಹಳೆಯದರಲ್ಲೇ ಹೊರಟಳು. ಬೀದಿಗೆಲ್ಲ ಕೇಳುವಂತೆ ಮಾತಾಡುವ ನಾನು ಅವತ್ತು ಯಂತ್ರದಿಂದ ತಲೆ ಎತ್ತಲಿಲ್ಲ.

ಹಳೆಯ ಬೂಟಿನ ಮೊಳೆ ಮೇಲೆ ಬಂದಿತ್ತು. ಅವಳಿಗೆ ಸಕ್ಕರೆ ಕಾಯಿಲೆ, ಪಾದ ಜೋಮು ಹಿಡಿದಂತಿತ್ತು, ಚುಚ್ಚಿದ್ದೇ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಆಸ್ಪತ್ರೆ. ಕಾಲು ಉಳಿಯುವುದು ಅನುಮಾನ ಎಂದರು ಡಾಕ್ಟರು.

ಅದೇ ವಾರ ಕಡ್ಡಿ ರಜೆಗೆ ಬಂದಳು. ಹಲಗೆ ಎಲ್ಲಿ ಎಂದು ಕೇಳಿದಳು.

“ನೀನೇ ಹೇಳಿದ್ದಲ್ವಾ ಮಗಳೇ,” ಎಂದ ಅಣ್ಣ. ದೂರಲಿಲ್ಲ, ಮೆಲ್ಲಗೆ ಅಂದ. ಉಳಿದದ್ದನ್ನು ನಾನು ಹೇಳಿದೆ. ಹುಡುಗಿ ಚೀಲವನ್ನು ಅಲ್ಲೇ ಇಟ್ಟು ಹೊರಟಳು. ಆಸ್ಪತ್ರೆಗೆ ಹೋದಳು, ವಾರ್ಡಿನ ಬಾಗಿಲಲ್ಲಿ ನಿಂತಳು, ಒಳಗೆ ಹೋಗಲಾರದೆ ವಾಪಸು ಬಂದಳು.

ಮಹಾನಗರಕ್ಕೆ ಅವಳು ಮರಳಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಕಾಲೇಜಿಗೇ ಸೇರಿದಳು. “ನಿನಗೇನು ತಲೆ ಕೆಟ್ಟಿದೆಯಾ? ಅಲ್ಲಿನ ಸೀಟಿಗೆ ಜನ ಬಾಯಿ ಬಾಯಿ ಬಿಡ್ತಾರೆ!” ಎಂದು ನಾನು ಕೂಗಾಡಿದೆ.

ಇಲ್ಲಿಯೂ ವ್ಯಾಪಾರವೊಂದನ್ನು ತರಗತಿಯ ಮುಂದಿಡುವ ಪಾಠವಿತ್ತು. ಕಡ್ಡಿ ಅದೇ ಅಂಗಡಿಯನ್ನಿಟ್ಟಳು. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಇದ್ದದ್ದು ಇಪ್ಪತ್ತೆರಡು ಮಕ್ಕಳು. ಹಿಂದಿನ ಬೆಂಚಿನಿಂದ ಒಬ್ಬಳು, “ಅಯ್ಯೋ, ನಮ್ಮ ರಟ್ಟಿನ ಅಮ್ಮನಾ?” ಎಂದಳಂತೆ. ಅರ್ಧ ತರಗತಿಯ ಪುಸ್ತಕಕ್ಕೆ ಅವಳು ಕಟ್ಟಿದ ರಟ್ಟೇ ಇತ್ತು. ಯಾರೂ ಸಲಹೆ ಕೊಡಲಿಲ್ಲ. ಮೇಷ್ಟ್ರು ಮಾತ್ರ, “ಅವರನ್ನ ನೋಡಿದ್ಯಾ?” ಎಂದು ಕೇಳಿದರು. “ಇಲ್ಲ ಸಾರ್,” ಎಂದು ಅಲ್ಲೇ ಅತ್ತುಬಿಟ್ಟಳಂತೆ. ಅದನ್ನು ನನಗೆ ಹೇಳುವಾಗಲೂ ಅತ್ತಳು.

ರಟ್ಟಿನ ಅಮ್ಮನ ಎರಡು ಬೆರಳು ಹೋದವು, ಪಾದ ಉಳಿಯಿತು. ಹಲಗೆ ಮತ್ತೆ ಬಾಗಿಲ ಮೇಲೇರಿತು. ಅಣ್ಣ ಹೊಸ ಎಡಬೂಟು ಕತ್ತರಿಸಿದ, ಬೆರಳಿಲ್ಲದ ಕಡೆ ಮೆತ್ತೆ ಇಟ್ಟು ನಾನು ಹೊಲಿದೆ. ರಟ್ಟಿನ ಅಮ್ಮ ಬಂದು ಬೆಂಚಿನ ಮೇಲೆ ಕೂತಳು. ಕಡ್ಡಿ ನೆಲದ ಮೇಲೆ ಮಂಡಿಯೂರಿ, ಬೂಟಿನೊಳಗೆ ಬೆರಳಾಡಿಸಿ, ಮೊಳೆಯೇನಾದರೂ ಚುಚ್ಚುತ್ತದೆಯೇ ಎಂದು ಮೂರು ಸಲ ನೋಡಿದಳು. ಆಮೇಲೆ ಆ ಪಾದವನ್ನು ಕೈಯಲ್ಲಿ ಹಿಡಿದಳು.

“ಜೊತೆ ಮಾತ್ರ ಮಾರಿ ಅಂತ ಹೇಳಿದ್ದು ನಾನೇ ಅಮ್ಮಾ. ಯಾರಿಗೆ ಅಂತ ಗೊತ್ತಿದ್ದೂ ಹೇಳ್ದೆ.”

ರಟ್ಟಿನ ಅಮ್ಮ ಕಾಲನ್ನು ಇನ್ನಷ್ಟು ಮುಂದೆ ಚಾಚಿದಳು. ಹೋಗಲಿ ಎನ್ನಲಿಲ್ಲ, ಬೈಯಲೂ ಇಲ್ಲ.

“ಪಾದ ಇನ್ನೂ ಇದೆ,” ಎಂದಳು. “ಹಾಕಮ್ಮ.”