ಜಾರಿದ ಅಕ್ಷಾಂಶಗಳು

ಬಿಬವೇವಾಡಿಯ ಆ ಮನೆಗೆ ನಾನೂ ಅವ್ವನೂ ಹೋದದ್ದು ಮನೆ ನೋಡುವ ಶಾಸ್ತ್ರಕ್ಕೆ. ಹುಡುಗನನ್ನು ಮೊದಲೇ ಎರಡು ಸಲ ಭೇಟಿಯಾಗಿದ್ದೆ, ಒಪ್ಪಿಗೆ ಎಂದು ಅವ್ವನಿಗೆ ಹೇಳಿಯೂ ಆಗಿತ್ತು. ಅಂಥ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ಉಳಿದದ್ದು ಅವನ ಅಕ್ಕನ ಒಪ್ಪಿಗೆ. ಆ ಮನೆಯಲ್ಲಿ ಆಕೆಯ ಮಾತೇ ಕೊನೆಯದು.

ಆಕೆ ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಮೇಜಿನ ಮೇಲೆ ಶಾಲೆಯ ಪ್ರದರ್ಶನಕ್ಕೆಂದು ಮಾಡುತ್ತಿದ್ದ ದೊಡ್ಡ ಗ್ಲೋಬ್ ಇತ್ತು. ಅಕ್ಷಾಂಶಗಳಿಗೆ ತಾಮ್ರದ ತಂತಿಯ ಏಳು ಉಂಗುರ, ಏಳೂ ಒಂದೇ ಅಳತೆ. ಮೇಲಿನ ಮೂರು ಜಾರಿ ನಡುವಿಗೆ ಬಂದು ಕೂತಿದ್ದವು. ಕೆಳಗಿನ ಮೂರು ಕಳಚಿ ಸ್ಟ್ಯಾಂಡಿನ ಬುಡದಲ್ಲಿ ಬಿದ್ದಿದ್ದವು. ಆಕೆ ಅಂಟನ್ನು ಬೈದಳು, ಶಾಲೆಯ ಮಕ್ಕಳನ್ನು ಬೈದಳು. ಆಮೇಲೆ, ನೀನು ಗಣಿತದ ಎಂ.ಎಸ್ಸಿ. ಅಲ್ಲವೇ, ಉಂಗುರ ಯಾಕೆ ನಿಲ್ಲುತ್ತಿಲ್ಲ ಹೇಳು ನೋಡೋಣ ಎಂದಳು.

ಕೇಳಿದ್ದಕ್ಕೆ ಹೇಳಿದೆ. ಗೋಲದ ನಡುವಿನ ವೃತ್ತವೇ ದೊಡ್ಡದು. ಧ್ರುವದ ಕಡೆ ಹೋದಂತೆ ಉಳಿದವು ಚಿಕ್ಕವಾಗುತ್ತವೆ, ಅರವತ್ತು ಡಿಗ್ರಿಯಲ್ಲಿ ಸರಿಯಾಗಿ ಅರ್ಧ.

ಆಕೆ ಗೋಡೆಯ ನಕ್ಷೆ ತೋರಿಸಿದಳು. "ಎಲ್ಲಾ ಅಡ್ಡಗೆರಿ ಒಂದ ಉದ್ದ ಅದಾವಲ್ಲ?"

"ನಕ್ಷಾ ಸಪಾಟ ಅದರಿ ಅಕ್ಕಾರ. ಭೂಮಿ ದುಂಡಗದ."

"ಕೇಳ್ರಿ ಇಲ್ಲೆ. ಹನ್ನೆರಡು ವರ್ಷ ಭೂಗೋಳ ಕಲಿಸಿದಾಕಿಗೆ ಭೂಮಿ ದುಂಡಗದ ಅಂತ ಹೇಳಾಕ ಬಂದಾಳ." ತಮ್ಮನ ಕಡೆ ತಿರುಗಿದಳು. "ನೀನ ಹೇಳಪಾ, ಯಾರದು ಖರೆ?"

ಅವನು ಕಾರ್ಖಾನೆಯೊಂದರಲ್ಲಿ ಬೇರಿಂಗ್ ವಿನ್ಯಾಸ ಮಾಡುವ ಎಂಜಿನಿಯರ್. ವೃತ್ತ ಎಂದರೆ ಅವನ ದಿನದ ಕೂಳು. ಒಂದು ಉಂಗುರ ಎತ್ತಿಕೊಂಡ, ಗ್ಲೋಬಿನ ನೆತ್ತಿಗೆ ಹಿಡಿದ, ಅದು ಎಷ್ಟು ಸಡಿಲ ಎಂದು ನೋಡಿದ, ಕೆಳಗಿಟ್ಟ.

"ಅಕ್ಕಂದ ಖರೆ ಇರಬೇಕು. ಭೂಗೋಳ ಆಕಿ ಸಬ್ಜೆಕ್ಟ್."

ನಾನು ಚಹಾ ಮುಗಿಸಿದೆ.

ರಿಕ್ಷಾದಲ್ಲಿ ಅವ್ವ ದಾರಿಯುದ್ದಕ್ಕೂ ಬೈದಳು. ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂಬುದು ಅವಳ ಪ್ರಶ್ನೆ. ಎರಡು ದಿನ ಬಿಟ್ಟು ಆ ಕಡೆಯಿಂದ ಒಪ್ಪಿಗೆ ಬಂತು. ಹುಡುಗಿಗೆ ಮಾತು ಸ್ವಲ್ಪ ಜಾಸ್ತಿ, ತಿದ್ದಿಕೊಳ್ಳೋಣ ಎಂದಿದ್ದಳಂತೆ ಅಕ್ಕ. ಅವ್ವ ದೇವರಿಗೆ ದೀಪ ಹಚ್ಚಿದಳು.

ಸಂಜೆ ಅವನ ಫೋನ್. ನಾನು ಹೇಳಿದ್ದೇ ಸರಿ ಎಂದು ಅವನಿಗೆ ಅಲ್ಲೇ ಗೊತ್ತಿತ್ತಂತೆ. ಹಾಗಾದರೆ ಈಗ ಅಕ್ಕನಿಗೆ ಹೇಳಿ ಎಂದೆ.

"ಮದುವಿ ಆಗಲಿ ತಡೀರಿ, ಸಾವಕಾಶ ಹೇಳ್ತೀನಿ."

"ಹೇಳೋದು ಬ್ಯಾಡ್ರಿ," ಎಂದೆ. "ಮದುವಿನೂ ಬ್ಯಾಡ."

ಅವ್ವ ಒಳಗೆ ನನ್ನ ಸೋದರತ್ತೆಗೆ ಫೋನ್ ಮಾಡಿ ಒಪ್ಪಿಗೆ ಬಂದ ಸುದ್ದಿ ಹೇಳುತ್ತಿದ್ದಳು. ಅವಳ ಮಾತು ಮುಗಿಯುವವರೆಗೆ ಬಾಗಿಲಲ್ಲಿ ನಿಂತು ಕಾದೆ.